ಕೋಲಾರದಲ್ಲಿ ಜಾಝ್ ಗಿಟಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದವಳು. ವಾರದಲ್ಲಿ ಐದು ದಿನ ಮನೆಯ ಮುಂದಿನ ರೂಮಿನಲ್ಲಿ ಗಿಟಾರ್ ಪಾಠ ಹೇಳುತ್ತೇನೆ. ಶನಿವಾರ, ಭಾನುವಾರ ಹೆಚ್ಚಾಗಿ ಬೆಂಗಳೂರಿನಲ್ಲಿ ಕಾರ್ಯಕ್ರಮ ಇರುತ್ತದೆ. ಹದಿನಾಲ್ಕು ವರ್ಷದಿಂದ ಇದೇ ನನ್ನ ಸಂಪಾದನೆ. ಮಕ್ಕಳನ್ನು ಸೇರಿಸಲು ಬರುವ ಅಪ್ಪ ಅಮ್ಮಂದಿರು, ಪಿಯುಸಿ ಮುಗಿಸಿ "ಮಿಸ್, ನಾನೂ ಇದೇ ಲೈನಿಗೆ ಬರ್ತೀನಿ" ಅನ್ನುವ ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಒಳಗೆ ಮುಂದಿನ ಬ್ಯಾಚು ಕಾಯುತ್ತಿರುವಾಗ ಗೇಟಿನ ಹತ್ತಿರ ನಿಂತು ಅವಸರದಲ್ಲಿ ಹೇಳಿದ ಉತ್ತರಗಳು ನನಗೇ ಸಮಾಧಾನ ತಂದಿಲ್ಲ. ಅದಕ್ಕೇ ಕೂತು ಬರೆದಿದ್ದೇನೆ.

ಜಾಝ್ ಅಂದರೆ ಡ್ರಮ್ಸ್ ಅಲ್ಲವೇ?

ನಮ್ಮ ಕಡೆ ಆರ್ಕೆಸ್ಟ್ರಾದವರು ಡ್ರಮ್ ಸೆಟ್ಟಿಗೇ ಜಾಝ್ ಅನ್ನುವುದುಂಟು, ಗೊಂದಲ ಅಲ್ಲಿಂದ ಬಂದಿದ್ದು. ಜಾಝ್ ಒಂದು ಸಂಗೀತ ಪದ್ಧತಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಸುತ್ತಮುತ್ತ ಕಪ್ಪು ಜನರ ಕೈಯಲ್ಲಿ ರೂಪ ಪಡೆಯಿತು. ಹೊಲದಲ್ಲಿ ದುಡಿಯುವವರ ಹಾಡು, ಚರ್ಚಿನ ಹಾಡು, ಬ್ಲೂಸ್, ಮೆರವಣಿಗೆಯ ಬ್ಯಾಂಡು ಎಲ್ಲವೂ ಅದರೊಳಗೆ ಸೇರಿವೆ. ಒಂದು ಹಾಡನ್ನು ಎಲ್ಲರೂ ಸೇರಿ ಒಮ್ಮೆ ನುಡಿಸುತ್ತಾರೆ. ಆಮೇಲೆ ಅದೇ ಹಾಡಿನ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸುತ್ತು ಸುತ್ತಾಗಿ ನಡೆಯುತ್ತಿರುವಾಗ ಒಬ್ಬೊಬ್ಬರೇ ಸರದಿಯ ಮೇಲೆ ಅಲ್ಲೇ ಹುಟ್ಟಿಸಿ ನುಡಿಸುತ್ತಾರೆ. ಕಚೇರಿಯಲ್ಲಿ ಕಲ್ಪನಾಸ್ವರ ಕೇಳಿದವರಿಗೆ ಇದು ತೀರಾ ಹೊಸದಲ್ಲ.

ಲಯದ ವಿಷಯಕ್ಕೆ ನಾನು ಮಕ್ಕಳಿಗೆ ತಮಟೆಯನ್ನು ನೆನಪಿಸುತ್ತೇನೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ತಮಟೆ ಕೇಳಿ. ಏಟುಗಳು ಎಣಿಕೆಗೆ ಸರಿಯಾಗಿಯೇ ಬೀಳುತ್ತವೆ, ಆದರೂ ಎರಡು ಏಟುಗಳ ನಡುವೆ ಒಂದು ತೂಗಾಟ ಇರುತ್ತದೆ, ಕಾಲು ತಾನಾಗಿ ಎದ್ದು ಬಿಡುತ್ತದೆ. ಜಾಝ್‌ನವರು 'ಸ್ವಿಂಗ್' ಅನ್ನುವುದನ್ನು ಕಾಗದದ ಮೇಲೆ ಬರೆಯಲು ಹೋದರೆ ಅದು ಹೀಗೇ ಕೈಗೆ ಸಿಕ್ಕುವುದಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಚರ್ಮವಾದ್ಯ ಬಾರಿಸುವವರನ್ನು ಊರಾಚೆ ಇಟ್ಟು, ಹಬ್ಬಕ್ಕೆ ಮಾತ್ರ ಅವರ ವಾದ್ಯವನ್ನು ಕರೆಸಿಕೊಂಡ ನೆಲ ನಮ್ಮದು. ಜಾಝ್ ನುಡಿಸಿದವರೂ ತಾವು ನುಡಿಸುವ ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಹೋಗುವಂತಿರದ ಕಾಲವಿತ್ತು. ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಕೇಳಿ ಬೆಳೆದ ನನಗೆ ಬ್ಲೂಸ್ ಮೊದಲ ಸಲ ಕೇಳಿದಾಗ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ಕೋಲಾರಕ್ಕೂ ಈ ಸಂಗೀತಕ್ಕೂ ಏನು ಸಂಬಂಧ?

ಕೆಜಿಎಫ್ ನಮ್ಮ ಜಿಲ್ಲೆಯಲ್ಲೇ ಇದೆ ಅನ್ನುವುದನ್ನು ಮರೆಯಬೇಡಿ. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು. ಗಣಿಯ ಇಂಗ್ಲಿಷ್ ಅಧಿಕಾರಿಗಳು, ಆಂಗ್ಲೋ ಇಂಡಿಯನ್ ಕುಟುಂಬಗಳು ಇದ್ದ ಕಾಲದಲ್ಲಿ ಅಲ್ಲಿನ ಕ್ಲಬ್ಬುಗಳಲ್ಲಿ ಡ್ಯಾನ್ಸು, ಬ್ಯಾಂಡು, ಕ್ರಿಸ್ಮಸ್ ಸಂಭ್ರಮ ಎಲ್ಲ ನಡೆಯುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಎಷ್ಟೋ ಕುಟುಂಬಗಳು ಊರು ಬಿಟ್ಟವು. ನನಗೆ ಗಿಟಾರ್ ಹಿಡಿಯುವುದನ್ನು ಕಲಿಸಿದ ಹಿರಿಯರು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನಾನು ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಅವರು ಸಂಬಳ ಕೇಳಲಿಲ್ಲ. "ನೀನು ಇನ್ನೊಬ್ಬರಿಗೆ ಕಲಿಸು, ಲೆಕ್ಕ ಚುಕ್ತಾ" ಅಂದಿದ್ದರು.

ಕರ್ನಾಟಕ ಸಂಗೀತ ಕಲಿತಿದ್ದರೆ ಅನುಕೂಲವೋ, ತೊಂದರೆಯೋ?

ಬಹಳ ಅನುಕೂಲ. ಸ್ವರಜ್ಞಾನ ಇರುವ ಮಗು ನನ್ನ ಹತ್ತಿರ ಬಂದರೆ ನನ್ನ ಅರ್ಧ ಕೆಲಸ ಯಾರೋ ಸಂಗೀತದ ಮೇಷ್ಟರು ಆಗಲೇ ಮಾಡಿರುತ್ತಾರೆ.

ಒಂದು ಉದಾಹರಣೆ. ಜಾಝ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಎದುರಾಗುವ ಮೂರು ಕಾರ್ಡುಗಳ ಸಾಲು ಇದೆ: ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್. ಡಿ ಸ್ವರವನ್ನು ಷಡ್ಜ (ಸ) ಮಾಡಿಕೊಂಡರೆ ಮೊದಲನೆಯದರ ಮೇಲೆ ನುಡಿಯುವುದು 22ನೇ ಮೇಳ (ಏಳು ಸ್ವರದ ಮೂಲರಾಗ) ಖರಹರಪ್ರಿಯದ ಸ್ವರಗಳು. ಜಿ ಷಡ್ಜವಾದರೆ 28ನೇ ಮೇಳ ಹರಿಕಾಂಭೋಜಿ. ಸಿ ಷಡ್ಜವಾದರೆ 29ನೇ ಮೇಳ ಶಂಕರಾಭರಣ. ಮೂರರಲ್ಲೂ ಇರುವುದು ಅವೇ ಏಳು ಸ್ವರ, ಷಡ್ಜದ ಜಾಗ ಮಾತ್ರ ಬದಲಾಗುತ್ತದೆ. ಹೀಗೆ ಷಡ್ಜ ಬದಲಿಸುವ ಗ್ರಹಭೇದ ತಿಳಿದವರಿಗೆ ಇದನ್ನು ಹೇಳಿದ ತಕ್ಷಣ ಮುಖ ಅರಳುತ್ತದೆ. ಮುಂದೆ ಹೋದಂತೆ ಗೌರಿಮನೋಹರಿ, ಕೀರವಾಣಿ, ವಾಚಸ್ಪತಿಗಳ ಸ್ವರಗಳೂ ಬರುತ್ತವೆ, ಅಲ್ಲಿ ಅವಕ್ಕೆ ಬೇರೆ ಹೆಸರು.

ಹಾಗಂತ ರಾಗ ಬೇರೆ, ಸ್ಕೇಲ್ ಬೇರೆ. ಖರಹರಪ್ರಿಯದ ಗಾಂಧಾರದ ಗಮಕ (ಸ್ವರವನ್ನು ತೂಗಿಸುವುದು) ಗಿಟಾರಿನ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿಯ) ಮೇಲೆ ಕೂತುಬಿಟ್ಟರೆ ರಾಗ ಉಳಿಯುವುದಿಲ್ಲ. 1970ರ ದಶಕದಲ್ಲಿ ಎಲ್. ಶಂಕರ್, ಝಾಕಿರ್ ಹುಸೇನ್, ಘಟದ ವಿನಾಯಕರಾಮ್ ಅವರ ಜೊತೆ 'ಶಕ್ತಿ' ತಂಡ ಕಟ್ಟಿದ ಜಾಝ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅದಕ್ಕಾಗಿಯೇ ಫ್ರೆಟ್ಟುಗಳ ನಡುವಿನ ಮರವನ್ನು ಕೊರೆಸಿದ ಗಿಟಾರ್ ಮಾಡಿಸಿಕೊಂಡಿದ್ದರು. ತಂತಿಯನ್ನು ಒತ್ತಿ, ಎಳೆದು ಸ್ವರವನ್ನು ಜಾರಿಸಲು ಅದರಲ್ಲಿ ಜಾಗ ಸಿಗುತ್ತದೆ.

ಕರ್ನಾಟಕ ಸಂಗೀತದಿಂದ ಬಂದವರಿಗೆ ಕಷ್ಟವಾಗುವುದು ಒಂದೇ: ಶ್ರುತಿ ನಿಲ್ಲುವುದಿಲ್ಲ. ತಂಬೂರಿ ಕೊಡುವ ಆಸರೆ ಇಲ್ಲಿಲ್ಲ, ನೆಲವೇ ಎರಡೆರಡು ಆವರ್ತಕ್ಕೆ ಜರುಗುತ್ತದೆ. ಅಭ್ಯಾಸಕ್ಕೆ ನಾಲ್ಕೈದು ತಿಂಗಳು ಹಿಡಿಯುತ್ತದೆ, ಗಾಬರಿ ಬೇಡ.

ಯಾವ ವಯಸ್ಸಿಗೆ ಶುರು ಮಾಡಬೇಕು?

ಎಂಟು ವರ್ಷಕ್ಕೆ ಕೈ ಸ್ವಲ್ಪ ಬಲಿತಿರುತ್ತದೆ, ಆಗ ಒಳ್ಳೆಯದು. ತಡವಾಯಿತು ಅಂತ ಕೊರಗುವವರಿಗೆ ವೆಸ್ ಮಾಂಟ್‌ಗೊಮರಿಯ ಕಥೆ ಹೇಳುತ್ತೇನೆ. ಜಾಝ್ ಗಿಟಾರಿನ ಅತಿ ದೊಡ್ಡ ಹೆಸರುಗಳಲ್ಲಿ ಒಂದು ಅದು. ಆತ ಗಂಭೀರವಾಗಿ ಗಿಟಾರ್ ಹಿಡಿದಿದ್ದು ಇಪ್ಪತ್ತರ ಆಸುಪಾಸಿನಲ್ಲಿ. ಹಗಲು ಫ್ಯಾಕ್ಟರಿ ಕೆಲಸ, ರಾತ್ರಿ ಕ್ಲಬ್ಬಿನಲ್ಲಿ ನುಡಿಸುವುದು. ತನಗಿಂತ ಮುಂಚಿನ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್‌ನ ಸೋಲೊಗಳನ್ನು (ಒಬ್ಬರೇ ನುಡಿಸುವ ಭಾಗಗಳನ್ನು) ರೆಕಾರ್ಡ್ ಕೇಳಿ ಕೇಳಿಯೇ ಬಾಯಿಪಾಠ ಮಾಡಿಕೊಂಡ. ಮನೆಯವರಿಗೂ ನೆರೆಯವರಿಗೂ ತೊಂದರೆಯಾಗಬಾರದೆಂದು ಪಿಕ್ (ತಂತಿ ಮೀಟುವ ಬಿಲ್ಲೆ) ಬಿಟ್ಟು ಹೆಬ್ಬೆರಳಿನಲ್ಲಿ ಮೆತ್ತಗೆ ಮೀಟುತ್ತಿದ್ದನಂತೆ, ಆ ಮೆತ್ತಗಿನ ನಾದವೇ ಕೊನೆಗೆ ಅವನ ಗುರುತಾಯಿತು.

ಮಗುವಿನ ಬೆರಳು ಗಿಡ್ಡ ಇದೆ, ಆಗುತ್ತಾ?

ಆಗುತ್ತದೆ. ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ 1928ರಲ್ಲಿ ತನ್ನ ಗಾಡಿಮನೆಗೆ ಬೆಂಕಿ ಬಿದ್ದಾಗ ಎಡಗೈಯ ಎರಡು ಬೆರಳುಗಳ ಶಕ್ತಿ ಕಳೆದುಕೊಂಡ. ಉಳಿದ ಎರಡು ಬೆರಳಲ್ಲಿ ಸೋಲೊ ನುಡಿಸುವ ದಾರಿ ತಾನೇ ಕಂಡುಕೊಂಡ. 1934ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಸ್ಟೆಫಾನ್ ಗ್ರಪೆಲಿಯ ವಯಲಿನ್ ಜೊತೆ ತಂತಿವಾದ್ಯಗಳದೇ ಒಂದು ತಂಡ ನಿಂತಿತ್ತು.

ಯಾವ ಗಿಟಾರ್ ಕೊಳ್ಳಬೇಕು? ಜಾಝ್‌ಗೆ ಬೇರೆ ಗಿಟಾರ್ ಬೇಕಾ?

ಮೊದಲ ವರ್ಷ ಸಾಮಾನ್ಯ ಅಕೂಸ್ಟಿಕ್ ಸಾಕು. ಅಂಗಡಿಯಲ್ಲಿ ಬಣ್ಣ ನೋಡಬೇಡಿ, ತಂತಿ ಫ್ರೆಟ್ಟಿನಿಂದ ಎಷ್ಟು ಮೇಲಿದೆ ನೋಡಿ. ತುಂಬಾ ಮೇಲಿದ್ದರೆ ಮಗುವಿನ ಬೆರಳು ನೊಂದು ಎರಡೇ ವಾರಕ್ಕೆ ಗಿಟಾರ್ ಬೀರುವಿನ ಮೇಲೆ ಹೋಗುತ್ತದೆ. ಹನ್ನೆರಡನೇ ಫ್ರೆಟ್ ಒತ್ತಿ ನುಡಿಸಿ, ಶ್ರುತಿ ತಪ್ಪುತ್ತಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಮುಂದೆ ಎಲೆಕ್ಟ್ರಿಕ್ ತೆಗೆದುಕೊಂಡಾಗ ಯಾವುದಾದರೂ ನಡೆಯುತ್ತದೆ. ಕುತ್ತಿಗೆ ಕಡೆಯ ಪಿಕಪ್ (ತಂತಿಯ ನಾದ ಹಿಡಿಯುವ ಭಾಗ) ಆರಿಸಿ ಟೋನ್ ಇಳಿಸಿದರೆ ಜಾಝ್ ನಾದಕ್ಕೆ ಸಾಕಷ್ಟು ಹತ್ತಿರ ಬರುತ್ತದೆ. ಒಳಗೆ ಟೊಳ್ಳಿರುವ ಆರ್ಚ್‌ಟಾಪ್ ಗಿಟಾರನ್ನು ದುಡಿದ ದುಡ್ಡಿನಲ್ಲಿ ಕೊಳ್ಳಿ, ಅಪ್ಪನ ಸಾಲದಲ್ಲಿ ಬೇಡ.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ?

ಶಾಲೆಯ ಮಕ್ಕಳಿಗೆ ನಲವತ್ತು ನಿಮಿಷ, ತಪ್ಪದೆ. ಇದನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ಮೂರರಿಂದ ನಾಲ್ಕು ಗಂಟೆ, ನಡುವೆ ಬಿಡುವು ಕೊಟ್ಟು. ನಾನು ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಸ್ಪರ್ಧೆಗೆಂದು ದಿನಕ್ಕೆ ಎಂಟು ಗಂಟೆ ಕೂತೆ. ಎಡಗೈ ಮಣಿಕಟ್ಟು ಊದಿಕೊಂಡು ಎರಡು ತಿಂಗಳು ಲೋಟ ಎತ್ತಲೂ ಆಗಲಿಲ್ಲ. ಆ ಎರಡು ತಿಂಗಳು ಬರೀ ಕೇಳಿದೆ, ಕೇಳಿದ್ದನ್ನು ಹಾಡಿದೆ. ವಾಪಸ್ ಗಿಟಾರ್ ಹಿಡಿದಾಗ ಕೈ ನಿಧಾನವಾಗಿತ್ತು, ನುಡಿಸಾಣಿಕೆ ಮಾತ್ರ ಮೊದಲಿಗಿಂತ ಚೆನ್ನಾಗಿತ್ತು. ಅಂದಿನಿಂದ ನನ್ನ ಪಾಠದ ಕಾಲು ಭಾಗ ಗಿಟಾರ್ ಕೆಳಗಿಟ್ಟೇ ನಡೆಯುತ್ತದೆ. ನೋವು ಬಂದರೆ ನಿಲ್ಲಿಸಿ, ಮೂರು ದಿನಕ್ಕೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಯೂಟ್ಯೂಬ್ ನೋಡಿ ಕಲಿಯಬಹುದಲ್ಲ?

ಬಹಳಷ್ಟು ಕಲಿಯಬಹುದು, ನಾನೂ ಕಲಿತಿದ್ದೇನೆ. ಆದರೆ ನಿಮ್ಮ ಹೆಬ್ಬೆರಳು ಗಿಟಾರಿನ ಕುತ್ತಿಗೆಯ ಹಿಂದೆ ಎಲ್ಲಿ ಕೂತಿದೆ ಎಂದು ಫೋನು ನೋಡುವುದಿಲ್ಲ. ತಾಳ ಓಡುತ್ತಿದ್ದರೆ ಅದು ಹೇಳುವುದಿಲ್ಲ.

ಇದರಿಂದ ಹೊಟ್ಟೆ ತುಂಬುತ್ತದೆಯೇ?

ಎಲ್ಲರೂ ಕೊನೆಗೆ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ತುಂಬುತ್ತದೆ, ಒಂದೇ ತಟ್ಟೆಯಿಂದ ಅಲ್ಲ.

ನನ್ನ ಲೆಕ್ಕವನ್ನೇ ಹೇಳುತ್ತೇನೆ. ಬರುವ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಠದಿಂದ. ಆಮೇಲೆ ಬೆಂಗಳೂರಿನ ಕಾರ್ಯಕ್ರಮಗಳು: ಹೋಟೆಲು, ಕಂಪನಿಗಳ ಸಂಜೆ, ಮದುವೆ ರಿಸೆಪ್ಶನ್. ಅಪ್ಪಟ ಜಾಝ್ ಕೇಳಲೆಂದೇ ಜನ ಬರುವ ಜಾಗಗಳು ಕಡಿಮೆ, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಂಥವು ಬೆರಳೆಣಿಕೆಯಷ್ಟು. ಮೂರನೆಯದು ರೆಕಾರ್ಡಿಂಗ್, ಜಾಹೀರಾತಿಗೋ ಕಿರುಚಿತ್ರಕ್ಕೋ ಯಾರಾದರೂ ಕರೆದಾಗ. ಜೂನ್, ಜುಲೈನಲ್ಲಿ ಪಾಠಕ್ಕೆ ಸೇರುವವರು ಹೆಚ್ಚು, ಮಾರ್ಚ್ ಪರೀಕ್ಷೆ ಬಂದರೆ ಅರ್ಧ ರೂಮು ಖಾಲಿ. ಡಿಸೆಂಬರಿನಲ್ಲಿ ಕಾರ್ಯಕ್ರಮ ಜಾಸ್ತಿ, ಆಷಾಢದಲ್ಲಿ ಮದುವೆಯೇ ಇಲ್ಲ. ತಿಂಗಳ ಸಂಬಳದ ಮನೆಯಲ್ಲಿ ಬೆಳೆದವರಿಗೆ ಈ ಏರಿಳಿತ ಮೊದಲ ಎರಡು ವರ್ಷ ನಿದ್ದೆಗೆಡಿಸುತ್ತದೆ. ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿ ಇಟ್ಟುಕೊಂಡ ಮೇಲೆಯೇ ಕೆಲಸ ಬಿಡಿ ಎಂದು ಇದೇ ಕಾರಣಕ್ಕೆ ಹೇಳುತ್ತೇನೆ.

ಒಮ್ಮೆ ದೊಡ್ಡ ಕಲ್ಯಾಣ ಮಂಟಪವೊಂದರಲ್ಲಿ ನಾಲ್ಕು ಜನ ಮೂರು ಗಂಟೆ ನುಡಿಸಿದೆವು. ಕೊನೆಯಲ್ಲಿ ಕರೆಸಿದವರು "ಉಳಿದಿದ್ದು ನಾಳೆ" ಅಂದರು. ಆ ನಾಳೆ ಬರಲಿಲ್ಲ. ಬಾಸ್ ನುಡಿಸುವ ಹುಡುಗನ ಕೈಯಲ್ಲಿ ಊರಿಗೆ ವಾಪಸ್ ಹೋಗಲು ದುಡ್ಡಿರಲಿಲ್ಲ. ಕರೆಸಿಕೊಂಡವಳು ನಾನು, ಹಾಗಾಗಿ ಮೂವರಿಗೂ ನನ್ನ ಕೈಯಿಂದ ಕೊಟ್ಟೆ. ಈಗ ಅರ್ಧ ಮುಂಗಡ ಬಾರದೆ ತಾರೀಖು ಬರೆದುಕೊಳ್ಳುವುದಿಲ್ಲ. ಎಷ್ಟು ಹೊತ್ತು, ಎಷ್ಟು ಜನ, ಊಟ, ಓಡಾಟದ ಖರ್ಚು, ಮೈಕ್ ಸೆಟ್ ಯಾರದು, ಎಲ್ಲ ವಾಟ್ಸಾಪ್‌ನಲ್ಲಿ ಬರೆದು ಒಪ್ಪಿಗೆ ತೆಗೆದುಕೊಳ್ಳುತ್ತೇನೆ. ಹೊಸಬರು ಇದನ್ನು ಕೇಳಲು ನಾಚಿಕೊಳ್ಳುತ್ತಾರೆ. ನಾಚಬೇಡಿ, ಅಡುಗೆ ಭಟ್ಟರೂ ಮುಂಗಡ ತೆಗೆದುಕೊಂಡೇ ಒಲೆ ಹಚ್ಚುವುದು.

ದೊಡ್ಡ ಕಲಾವಿದರಾಗಲು ಆಗದವರು ತಾನೇ ಮೇಷ್ಟರಾಗುವುದು?

ಈ ಮಾತು ನನಗೆ ನೋವು ಕೊಡುತ್ತದೆ, ಆದ್ದರಿಂದ ಉದ್ದವಾಗಿಯೇ ಉತ್ತರಿಸುತ್ತೇನೆ.

ಜಾಝ್ ಗಿಟಾರಿನ ಚರಿತ್ರೆ ತೆಗೆದು ನೋಡಿ. ಮಿಕ್ ಗುಡ್ರಿಕ್ ಎಂಬವರಿದ್ದರು, 1945ರಲ್ಲಿ ಹುಟ್ಟಿ 2022ರಲ್ಲಿ ತೀರಿಕೊಂಡರು. ಗ್ಯಾರಿ ಬರ್ಟನ್ ತಂಡದಲ್ಲಿ ಊರೂರು ಸುತ್ತಿ ನುಡಿಸಿದವರು, ಆಮೇಲೆ ಬಾಸ್ಟನ್ ನಗರದಲ್ಲೇ ನೆಲೆಸಿ ದಶಕಗಳ ಕಾಲ ಪಾಠ ಹೇಳಿದರು. ಹೆಸರಾಂತ ಗಿಟಾರ್ ವಾದಕರಾದ ಜಾನ್ ಸ್ಕೋಫೀಲ್ಡ್, ಬಿಲ್ ಫ್ರಿಸೆಲ್, ಮೈಕ್ ಸ್ಟರ್ನ್ ಈ ಗುಡ್ರಿಕ್ ಅವರ ಕೈಕೆಳಗೆ ಕಲಿತವರು. ಇಡೀ ಸ್ಕೇಲನ್ನು ಒಂದೇ ತಂತಿಯ ಮೇಲೆ ಹುಡುಕಿಸುವುದು ಅವರ ಹೆಸರಾಂತ ಪಾಠ. ಬೆರಳಿನ ರೂಢಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಕಿವಿಯೇ ದಾರಿ ತೋರಿಸಬೇಕು. ಇನ್ನೊಬ್ಬ ದೊಡ್ಡ ಗಿಟಾರ್ ವಾದಕ ಪ್ಯಾಟ್ ಮೆಥೀನಿ ಹತ್ತೊಂಬತ್ತರ ವಯಸ್ಸಿಗೇ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಇವರಲ್ಲಿ ಯಾರನ್ನು ಆಗದವರು ಅನ್ನೋಣ?

ನನ್ನ ರೂಮಿನ ಒಂದು ಸಂಜೆ ಹೇಳುತ್ತೇನೆ. ಎಪಿಎಂಸಿ ಟೊಮೇಟೊ ಮಂಡಿಯಲ್ಲಿ ಅಪ್ಪನ ಜೊತೆ ಬಾಕ್ಸು ಇಳಿಸಿ ಬರುವ ಹುಡುಗನೊಬ್ಬ ಇದ್ದಾನೆ. ಮೇಲೆ ಹೇಳಿದ ಆ ಮೂರು ಕಾರ್ಡುಗಳು ಅವನ ಕೈಯಲ್ಲಿ ಎರಡು ವಾರದಿಂದ ಎಡವುತ್ತಿದ್ದವು, ಪ್ರತಿ ಕಾರ್ಡಿಗೂ ಕೈ ಪೂರ್ತಿ ಎತ್ತಿ ಮತ್ತೆ ಇಡುತ್ತಿದ್ದ. ಅವತ್ತು ಕಾರ್ಡನ್ನು ಮೂರೇ ತಂತಿಗೆ ಇಳಿಸಿದೆ. ಡಿ ಮೈನರ್ ಸೆವೆನ್‌ಗೆ ಐದನೇ ತಂತಿಯಲ್ಲಿ 5ನೇ ಫ್ರೆಟ್, ನಾಲ್ಕನೆಯದರಲ್ಲಿ 3, ಮೂರನೆಯದರಲ್ಲಿ 5. ಜಿ ಸೆವೆನ್‌ಗೆ ಆರನೇ ತಂತಿಯಲ್ಲಿ 3, ನಾಲ್ಕನೆಯದು ಇದ್ದಲ್ಲೇ 3, ಮೂರನೆಯದು 4. ಸಿ ಮೇಜರ್ ಸೆವೆನ್‌ಗೆ ಐದನೆಯದರಲ್ಲಿ 3, ನಾಲ್ಕನೆಯದು 2, ಮೂರನೆಯದು ಇದ್ದಲ್ಲೇ 4. "ಬೇಸ್ ಬಿಟ್ಟುಬಿಡು, ಉಳಿದ ಎರಡು ತಂತಿ ಏನು ಹಾಡ್ತಿವೆ ಹೇಳು" ಅಂದೆ. ಸಿ ಅನ್ನು ಷಡ್ಜ ಹಿಡಿದು ಮೂರನೇ ತಂತಿಯ ಸ್ವರಗಳನ್ನು ಹಾಡಿದ: ಸ, ನಿ, ನಿ. ಆಮೇಲೆ ನಾಲ್ಕನೆಯದು: ಮ, ಮ, ಗ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಿಸ್, ಒಬ್ಬರು ಇಳಿಯೋವಾಗ ಇನ್ನೊಬ್ಬರು ನಿಂತಿರ್ತಾರೆ" ಅಂದ. ಆ ಮೂರು ಕಾರ್ಡುಗಳನ್ನು ನಾನು ಎಷ್ಟು ಸಾವಿರ ಸಲ ನುಡಿಸಿದ್ದೇನೋ, ಆ ಮಾತು ಮಾತ್ರ ನನಗೆ ಹೊಳೆದಿರಲಿಲ್ಲ. ಆ ಶನಿವಾರದ ಕಾರ್ಯಕ್ರಮದಲ್ಲಿ ನನ್ನ ಕೈ ಬೇರೆ ಥರ ನಡೆಯಿತು.

ಪಾಠ ಮತ್ತು ನುಡಿಸಾಣಿಕೆ ನನಗೆ ಬೇರೆ ಬೇರೆ ಕೆಲಸಗಳಾಗಿ ಕಂಡೇ ಇಲ್ಲ.

ಸರ್ಟಿಫಿಕೇಟು, ಗ್ರೇಡು ಬೇಕೇ?

ನುಡಿಸಲು ಬೇಡ, ಶಾಲೆಯಲ್ಲಿ ಕೆಲಸಕ್ಕೆ ಸೇರಲು ಬೇಕಾಗುತ್ತದೆ. ಬೆಂಗಳೂರಿನ ಖಾಸಗಿ ಶಾಲೆಗಳು ಸಾಮಾನ್ಯವಾಗಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಕೇಳುತ್ತವೆ. ಅದು ಇನಿಷಿಯಲ್‌ನಿಂದ 8ನೇ ಗ್ರೇಡಿನವರೆಗೆ ಇದೆ, ಮೇಲೆ ಡಿಪ್ಲೊಮಾಗಳಿವೆ, ಪರೀಕ್ಷೆ ಬೆಂಗಳೂರಿನಲ್ಲೇ ನಡೆಯುತ್ತದೆ. ಇಳಯರಾಜ ಕೂಡ ಕ್ಲಾಸಿಕಲ್ ಗಿಟಾರಿಗೆ ಟ್ರಿನಿಟಿ ಪರೀಕ್ಷೆ ಕಟ್ಟಿದವರು. ಅವರು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ, ಗಿಟಾರ್ ವಾದಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ಕೆಲಸ ಮಾಡಿದವರು. ಹಳೆಯ ಕನ್ನಡ ಹಾಡುಗಳಲ್ಲಿ ಗಿಟಾರ್ ಕೇಳಿಸಿದಾಗ ಇದನ್ನು ನೆನೆದು ಕಿವಿಗೊಟ್ಟು ಕೇಳಿ, ಅದೂ ಪಾಠವೇ.

ಗ್ರೇಡಿನ ಮೂರು ಹಾಡನ್ನೇ ವರ್ಷವಿಡೀ ತಿರುವಿ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮುಂದೆ ಎಲ್ಲಿ ಓದಬಹುದು?

ಬಾಸ್ಟನ್ನಿನ ಬರ್ಕ್ಲೀ 1945ರಲ್ಲಿ ಶುರುವಾಯಿತು, ಜಾಝ್ ಕಲಿಸುವುದರಲ್ಲಿ ಮೊದಲಿನಿಂದಲೂ ಅದರ ಹೆಸರು ದೊಡ್ಡದು, ಖರ್ಚೂ ದೊಡ್ಡದು. ಸ್ಕಾಲರ್‌ಶಿಪ್ ಇಲ್ಲದೆ ಹೊಲ ಮಾರಿ ಹೋಗಬೇಡಿ. ಚೆನ್ನೈನಲ್ಲಿ ಎ.ಆರ್. ರೆಹಮಾನ್ ಅವರ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ 2008ರಿಂದ ಇದೆ, ಕೋಲಾರದಿಂದ ಹಗಲೊತ್ತಿಗೇ ತಲುಪಬಹುದು. ಬೆಂಗಳೂರಿನಲ್ಲಿ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್ 1987ರಿಂದ ಪಾಶ್ಚಾತ್ಯ ಸಂಗೀತ ಕಲಿಸುತ್ತಿದೆ. ಡಿಗ್ರಿಯೊಂದನ್ನು ಯಾವುದರಲ್ಲಾದರೂ ಮುಗಿಸಿಕೊಳ್ಳಿ. ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನುಡಿಸಿ ಹೆಸರಾದ ಪ್ರಸನ್ನ ಮದ್ರಾಸ್ ಐಐಟಿಯಲ್ಲಿ ಓದಿ, ಆಮೇಲೆ ಬರ್ಕ್ಲೀಗೆ ಹೋದವರು.

ಹೆಣ್ಣುಮಕ್ಕಳಿಗೆ ಈ ಲೈನು ಆಗುತ್ತಾ?

ನಾನು ಇಲ್ಲೇ ಇದ್ದೇನೆ. ಮೇರಿ ಆಸ್ಬರ್ನ್ ಅಂತ ಒಬ್ಬರು 1930ರ ದಶಕದ ಕೊನೆಯಲ್ಲಿ ಚಾರ್ಲಿ ಕ್ರಿಶ್ಚಿಯನ್ ನುಡಿಸುವುದನ್ನು ಎದುರು ಕೂತು ಕೇಳಿದರು, ತಡಮಾಡದೆ ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ನ್ಯೂಯಾರ್ಕಿನಲ್ಲಿ ದೊಡ್ಡ ದೊಡ್ಡವರ ಸಮ ನುಡಿಸಿ, ಕೊನೆಗೆ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಎಂಬ ಊರಿನಲ್ಲಿ ನೆಲೆಸಿ ಪಾಠ ಹೇಳಿದರು. ಇನ್ನೊಬ್ಬ ಜಾಝ್ ಗಿಟಾರ್ ವಾದಕಿ ಎಮಿಲಿ ರೆಮ್ಲರ್ ಹದಿನೆಂಟಕ್ಕೇ ಬರ್ಕ್ಲೀ ಮುಗಿಸಿದವರು, 1990ರಲ್ಲಿ ಮೂವತ್ತೆರಡು ವರ್ಷಕ್ಕೆ ಹೋಗಿಬಿಟ್ಟರು.

ನಿಜವಾದ ತೊಡಕು ರಾತ್ರಿಯ ಓಡಾಟ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೊ ಶುರುವಾದ ಮೇಲೆ ಹೋಗುವುದು ಸುಲಭವಾಗಿದೆ. ಬರುವಾಗ ತಡವಾದರೆ ನಾನು ಹೊಸಕೋಟೆಯ ಚಿಕ್ಕಮ್ಮನ ಮನೆಯಲ್ಲಿ ಉಳಿದು ಬೆಳಗಿನ ಬಸ್ಸಿಗೆ ಬರುತ್ತೇನೆ. ಹುಡುಗಿಯರ ಅಪ್ಪ ಅಮ್ಮಂದಿರಿಗೆ ಹೇಳುವುದು ಇಷ್ಟೇ: ಬೇಡ ಅನ್ನುವ ಬದಲು ಒಂದು ಸಲ ಜೊತೆಗೆ ಬಂದು ಮುಂದಿನ ಸಾಲಿನಲ್ಲಿ ಕೂತು ಕೇಳಿ.

ಯಾರನ್ನು ಕೇಳಬೇಕು?

ಮೊದಲು ಚಾರ್ಲಿ ಕ್ರಿಶ್ಚಿಯನ್. ಅವನಿಗಿಂತ ಮುಂಚೆ ದೊಡ್ಡ ಬ್ಯಾಂಡಿನ ಕಹಳೆಗಳ ನಡುವೆ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ, ತಾಳಕ್ಕೆ ಮಾತ್ರ ಇತ್ತು. 1939ರಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ತಂಡ ಸೇರಿ ಎಲೆಕ್ಟ್ರಿಕ್ ಗಿಟಾರನ್ನು ಸ್ಯಾಕ್ಸೊಫೋನಿನ ಸಮಕ್ಕೆ ನಿಲ್ಲಿಸಿದ. 1942ರಲ್ಲಿ ಕ್ಷಯ ರೋಗದಿಂದ ಸತ್ತಾಗ ಇಪ್ಪತ್ತೈದೇ ವರ್ಷ. ಆಮೇಲೆ ಜಾಂಗೋ, ವೆಸ್, ಜೋ ಪಾಸ್. ಕೊನೆಗೆ ಜಿಮ್ ಹಾಲ್. ಎಲ್ಲಿ ನುಡಿಸಬಾರದು ಅನ್ನುವುದನ್ನು ಕಲಿಯಲು ಅವರಷ್ಟು ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. ಒಂದು ತಿಂಗಳಿಗೆ ಒಂದೇ ಸೋಲೊ ಹಿಡಿಯಿರಿ, ಪೂರ್ತಿ ಹಾಡಲು ಬರುವವರೆಗೆ ಕೇಳಿ.

ಮೊದಲ ಪಾಠಕ್ಕೆ ಏನು ತರಬೇಕು?

ಇನ್ನೂರು ಪುಟದ ನೋಟ್‌ಬುಕ್, ಪೆನ್ಸಿಲ್. ಎಡಗೈ ಉಗುರು ಕತ್ತರಿಸಿಕೊಂಡು ಬನ್ನಿ. ಗಿಟಾರ್ ಇಲ್ಲದಿದ್ದರೆ ಪರವಾಗಿಲ್ಲ, ಇಲ್ಲಿ ಎರಡಿವೆ, ಒಂದು ಆ ಕೆಜಿಎಫ್ ಹಿರಿಯರದು. ಜೊತೆಗೆ ನಿಮಗೆ ಬಾಯಿಪಾಠ ಬರುವ ಒಂದು ಹಾಡು ಇರಲಿ, ಅಜ್ಜಿ ಹೇಳಿಕೊಟ್ಟಿದ್ದಾದರೂ ಆಗಬಹುದು, ಸಿನಿಮಾದ್ದಾದರೂ ಆಗಬಹುದು. ಮೊದಲು ಅದನ್ನು ಹಾಡಿಸುತ್ತೇನೆ.